ದಾಡಿಯನ್ನು ಓದುವವರು ಯಾರು?

ಮಾವಳ್ಳಿಯಲ್ಲಿ ರಮಝಾನಿನ ಕೊನೆಯ ಸಂಜೆ ಚಂದ್ರ ಕಂಡ ಸುದ್ದಿ ಮಸೀದಿಯಿಂದ ಬಂದೊಡನೆ ದರ್ಜಿ ಅಂಗಡಿಗಳಿಗಿಂತಲೂ ಮೊದಲು ತುಂಬಿಬಿಡುವುದು ಕ್ಷೌರದಂಗಡಿಗಳು. ಅಂದು ರಾತ್ರಿ ಹನ್ನೊಂದಾದರೂ ಸಾಲು ಕರಗುವುದಿಲ್ಲ. ಹೊರಗೆ ಬೈಕುಗಳು, ಒಳಗೆ ಪೌಡರು ಮತ್ತು ಡೆಟಾಲಿನ ವಾಸನೆ, ಮೂರು ಮಷಿನುಗಳ ಸದ್ದು. ಕೆಲವು ವರ್ಷಗಳ ಹಿಂದೆ ಇಂಥದೇ ಒಂದು ಚಾಂದ್ ರಾತಿನಂದು ನಾನೂ ನನ್ನ ಮಗನೂ ಆ ಸಾಲಿನಲ್ಲಿ ಕುಳಿತಿದ್ದೆವು. ಅವನು ಆಗತಾನೇ ಬಿ.ಕಾಂ. ಮುಗಿಸಿದ್ದ. ಹಬ್ಬ ಕಳೆದ ಮೂರನೇ ದಿನ ಕೆಲಸದ ಸಂದರ್ಶನವಿತ್ತು.

ಮಗನ ಸರದಿ ಬಂತು. ಬಟ್ಟೆ ಹೊದಿಸಿ, ಕತ್ತಿನ ಸುತ್ತ ಕಾಗದ ಸುತ್ತಿ, ಕನ್ನಡಿಯಲ್ಲಿ ಅವನ ಮುಖ ನೋಡುತ್ತ ಕ್ಷೌರಿಕರು ಕೇಳಿದರು: "ಎಷ್ಟು ಇಡಲಿ?"

ಅವನು ಬಾಯಿ ತೆರೆಯುವ ಮೊದಲೇ ಹಿಂದಿನ ಬೆಂಚಿನಿಂದ ನಾನು ಹೇಳಿದೆ: "ದಾಡಿ ಒಂದು ನಂಬರ್ ಮಾಡಿಬಿಡಿ ಅಣ್ಣ. ಇಂಟರ್‌ವ್ಯೂ ಇದೆ."

ಅವರು ಕೈಯಲ್ಲಿದ್ದ ಮಷಿನು ಆರಿಸಿದರು. ಕನ್ನಡಿಯಲ್ಲೇ ನನ್ನನ್ನು ನೋಡಿ, "ಸಾರ್, ಕುರ್ಚಿ ಮೇಲೆ ಕೂತಿರೋದು ಅವರು" ಎಂದರು. ಸಾಲಿನಲ್ಲಿದ್ದ ಹುಡುಗರು ನಕ್ಕರು. ನಾನೂ ನಕ್ಕೆ. ಆದರೆ ಆ ಮಾತು ಹಬ್ಬದ ನಮಾಝಿನವರೆಗೂ ನನ್ನೊಡನೆ ಬಂತು.

ಮಗ ಕೇಳಿದ್ದು ಈಗಿನ ಹುಡುಗರೆಲ್ಲ ಕೇಳುವುದನ್ನೇ. ತಲೆಗೆ ಫೇಡ್, ದಾಡಿ ಅದಕ್ಕೆ ಮ್ಯಾಚಿಂಗ್. ಇದೇನು ಎಂದು ನಮ್ಮ ವಯಸ್ಸಿನವರು ಮೂಗು ಮುರಿಯುವ ಮೊದಲು ಆ ಕೆಲಸವನ್ನು ಒಮ್ಮೆ ನಿಂತು ನೋಡಬೇಕು. ಮಷಿನಿನ ಬಾಚಣಿಗೆಗಳಿಗೆ ನಂಬರುಗಳಿವೆ. ಒಂದು ಎಂದರೆ ಸುಮಾರು 3 ಮಿಲಿಮೀಟರ್, ಎರಡು ಎಂದರೆ 6, ಮೂರು ಎಂದರೆ ಹೆಚ್ಚುಕಡಿಮೆ 10. ಫೇಡಿನಲ್ಲಿ ತಲೆಯ ಮೇಲಿನ ಉದ್ದ ಕೂದಲು ಇಳಿಯುತ್ತ ಇಳಿಯುತ್ತ ಕಿವಿಯ ಮೇಲ್ಭಾಗದಲ್ಲಿ ಸೊನ್ನೆಯಾಗುತ್ತದೆ. ಅಲ್ಲಿಂದ ಕೆಳಗೆ ಮತ್ತೆ ಅರ್ಧ, ಒಂದು, ಎರಡು ಎಂದು ಏರುತ್ತ ದಾಡಿಯಾಗುತ್ತದೆ. ಎಲ್ಲಿಯೂ ಮೆಟ್ಟಿಲಿನ ಗುರುತು ಕಾಣಬಾರದು. ದುಂಡು ಮುಖದವನಿಗೆ ಕೆನ್ನೆಯ ಬದಿ ತೆಳುವು ಮಾಡಿ ಗಲ್ಲದ ಕೆಳಗೆ ಉದ್ದ ಬಿಡುತ್ತಾರೆ, ಉದ್ದ ಮುಖದವನಿಗೆ ಇದರ ತಿರುವು ಮುರುವು. ಕೆನ್ನೆಯಲ್ಲಿ ಅಲ್ಲಲ್ಲಿ ಖಾಲಿ ಇದ್ದವನಿಗೆ ಉದ್ದ ಬಿಡಬೇಡ ಎನ್ನುತ್ತಾರೆ, ಬಿಟ್ಟಷ್ಟೂ ಖಾಲಿ ಎದ್ದು ಕಾಣುತ್ತದೆ. ಕತ್ತಿನ ಗೆರೆ ಗಂಟಲಮಣಿಗಿಂತ ಎರಡು ಬೆರಳು ಮೇಲೆ ನಿಲ್ಲಬೇಕು. ಅದನ್ನು ದವಡೆಯ ಮೂಳೆಯವರೆಗೆ ಏರಿಸಿದರೆ ಕತ್ತು ತಿರುಗಿಸಿದಾಗ ಗಲ್ಲ ಎರಡಾಗಿ ಕಾಣುತ್ತದೆ. ನಮ್ಮ ಕ್ಷೌರಿಕರು ಇಷ್ಟನ್ನೆಲ್ಲ ಹೇಳಿದ್ದು ಒಂದೇ ಮಾತಿನಲ್ಲಿ: "ಮೇಲಿನ ಚೌಕಟ್ಟು ಒಬ್ಬ ಬಡಗಿ, ಕೆಳಗಿನದ್ದು ಇನ್ನೊಬ್ಬ ಬಡಗಿ ಮಾಡಿದಂಗೆ ಕಾಣಬಾರದು ಸಾರ್."

ಮೇಲಿನದನ್ನೂ ಕೆಳಗಿನದನ್ನೂ ಕೂಡಿಸುವ ಜಾಗ ಕಿವಿಯ ಮುಂದಿನ ಆ ಸಣ್ಣ ಪಟ್ಟಿ. ನಮ್ಮ ಮನೆಗಳ ದಖ್ಖನಿಯಲ್ಲಿ ಅದಕ್ಕೆ ಕಲಮ್ ಎನ್ನುತ್ತೇವೆ, ಅಂದರೆ ಲೇಖನಿ. ದಾಡಿಯ ಅಂಚನ್ನು ಬ್ಲೇಡಿನಿಂದ ತಿದ್ದುವುದಕ್ಕೆ ಖತ್ ಎನ್ನುತ್ತೇವೆ. ಖತ್ ಎಂದರೆ ಗೆರೆ, ಕೈಬರಹ, ಪತ್ರ ಕೂಡ. ಮುಖದ ಮೇಲಿನ ಕೂದಲಿಗೆ ಬರವಣಿಗೆಯ ಹೆಸರುಗಳನ್ನು ಇಟ್ಟವರಿಗೆ ಅದು ಇತರರು ಓದುವ ವಸ್ತು ಎಂಬುದು ಗೊತ್ತಿತ್ತೆಂದು ನಾನು ಊಹಿಸುತ್ತೇನೆ.

ಓದುವ ಬಗೆಯಲ್ಲೇ ತೊಡಕಿರುವುದು. ಕೆಜಿಎಫ್ ಚಿತ್ರ 2018ರ ಡಿಸೆಂಬರಿನಲ್ಲಿ ಬಂದ ಮೇಲೆ ಈ ಊರಿನ ಅರ್ಧಕ್ಕರ್ಧ ಹುಡುಗರು ಯಶ್ ಅವರ ಹಾಗೆ ದಾಡಿ ಬಿಟ್ಟರು. ಕ್ರಿಕೆಟಿಗರ ದಾಡಿಯಂತೂ ಸರಿಯೇ. ಲಾಲ್‌ಬಾಗ್ ರಸ್ತೆಯಲ್ಲಿ ಸಂಜೆ ನಿಂತು ನೋಡಿ, ದಾಡಿಯ ಉದ್ದದಿಂದ ಯಾರು ಯಾವ ಮನೆಯವರೆಂದು ಹೇಳಲಾಗುವುದಿಲ್ಲ. ಆದರೂ ನಾವು ಹೇಳುತ್ತೇವೆ! ಕ್ಷಣಮಾತ್ರದಲ್ಲಿ ಹೇಳುತ್ತೇವೆ. ಹೇಗೆಂದರೆ ದಾಡಿಯನ್ನು ತಲೆಯೊಡನೆ ಕೂಡಿಸಿ ಓದುತ್ತೇವೆ. ನಾಲ್ಕು ಬೆರಳಿನ ದಾಡಿಯ ಮೇಲೆ ಫೇಡ್ ಇದ್ದರೆ ಅದು ಶೋಕಿ. ಅದೇ ನಾಲ್ಕು ಬೆರಳಿನ ದಾಡಿಯ ಮೇಲೆ ಸಾದಾ ಕ್ರಾಪು, ಟೋಪಿ, ತೆಳುವಾಗಿ ಕತ್ತರಿಸಿದ ಮೀಸೆ ಇದ್ದರೆ ಅದು ಬೇರೇನೋ. ಬಸ್ಸಿನಲ್ಲಿ ಪಕ್ಕದ ಸೀಟು ಖಾಲಿ ಉಳಿಯುವುದು, ಬಾಡಿಗೆ ಮನೆ 'ಈಗಷ್ಟೇ ಕೊಟ್ಟುಬಿಟ್ಟೆವು' ಆಗುವುದು, ಸಂದರ್ಶನದಲ್ಲಿ ಪ್ರಶ್ನೆ ಬೇಗ ಮುಗಿಯುವುದು ಎಲ್ಲವೂ ಈ ಎರಡನೆಯವನಿಗೇ. ಅಂದರೆ ತಲೆಯ ಕಟಿಂಗ್ ದಾಡಿಗೆ ಅನುವಾದಕನ ಕೆಲಸ ಮಾಡುತ್ತದೆ, ನೋಡುವವನಿಗೆ 'ಹೆದರಬೇಡಿ, ಇದು ಫ್ಯಾಶನ್ನು' ಎಂದು ತಿಳಿಸುತ್ತದೆ.

ಈ ಓದು ಎಷ್ಟು ಹುಸಿ ಎಂಬುದಕ್ಕೆ ನಮ್ಮ ಬೀದಿಯ ಆಚೆಗೇ ಸಾಕ್ಷಿಯಿದೆ. ಲಾಲ್‌ಬಾಗನ್ನು 1760ರಲ್ಲಿ ಆರಂಭಿಸಿದ ಹೈದರ್ ಅಲಿಗೆ ದಾಡಿಯೂ ಇರಲಿಲ್ಲ, ಮೀಸೆಯೂ ಇರಲಿಲ್ಲ ಎಂದು ಅವನ ಸೇನೆಯಲ್ಲಿದ್ದ ಫ್ರೆಂಚ್ ಅಧಿಕಾರಿಯೊಬ್ಬ ಬರೆದಿಟ್ಟಿದ್ದಾನೆ. ಟಿಪ್ಪುವಿನ ಚಿತ್ರಗಳಲ್ಲಿ ಕಾಣುವುದು ಮೀಸೆ ಮಾತ್ರ. ಆದರೆ ಇಂದಿನ ಭಿತ್ತಿಪತ್ರಗಳಲ್ಲಿ, ನಾಟಕಗಳಲ್ಲಿ 'ಮುಸಲ್ಮಾನ ದೊರೆ' ಎಂದೊಡನೆ ವೇಷಗಾರ ಮೊದಲು ಹುಡುಕುವುದು ಅಂಟು ದಾಡಿಯನ್ನು.

ಈಗ ನನ್ನ ಪ್ರಶ್ನೆಗೆ ಬರುತ್ತೇನೆ. ದಾಡಿಯನ್ನು ಒಪ್ಪವಾಗಿಡುವುದು ಒಳ್ಳೆಯದೇ ಕೆಟ್ಟದೇ ಎಂಬುದು ಹಳೆಯ ಪ್ರಶ್ನೆ, ಅದಕ್ಕೆ ಉತ್ತರ ಹುಡುಕುವುದು ಕಷ್ಟವಲ್ಲ. ಕೂದಲುಳ್ಳವನು ಅದನ್ನು ಗೌರವದಿಂದ ಇಟ್ಟುಕೊಳ್ಳಲಿ ಎಂಬ ಅರ್ಥದ ಹದೀಸ್ ಅಬೂದಾವೂದ್ ಸಂಗ್ರಹದಲ್ಲಿದೆ. ಇಮಾಮ್ ಮಾಲಿಕರ ಮುವತ್ತಾದಲ್ಲಿ ಇನ್ನೊಂದು ಪ್ರಸಂಗ ಬರುತ್ತದೆ. ತಲೆಯೂ ದಾಡಿಯೂ ಕೆದರಿಕೊಂಡಿದ್ದ ಒಬ್ಬಾತ ಮಸೀದಿಗೆ ಬಂದಾಗ ಪ್ರವಾದಿ(ಸ)ಯವರು ಹೊರಗೆ ಹೋಗಿ ಸರಿಮಾಡಿಕೊಂಡು ಬಾ ಎಂಬಂತೆ ಕೈಸನ್ನೆ ಮಾಡಿದರು. ಆತ ಸರಿಮಾಡಿಕೊಂಡು ಮರಳಿದ. ತಲೆ ಮತ್ತು ದಾಡಿ ಎರಡನ್ನೂ ಒಟ್ಟಿಗೆ ಹೇಳಿರುವುದನ್ನು ಗಮನಿಸಬೇಕು. ಹಾಗೆಂದು ದಿನವಿಡೀ ಬಾಚಣಿಗೆ ಹಿಡಿದು ಕೂರುವುದನ್ನೂ ಅವರು ಮೆಚ್ಚಲಿಲ್ಲ, ದಿನಾಲೂ ಬಾಚಿ ಸಿಂಗರಿಸಿಕೊಳ್ಳುವುದನ್ನು ತಡೆಯುವ ವರದಿಗಳಿವೆ. ಇನ್ನು ಅಳತೆಯ ವಿಷಯ. ಇಬ್ನು ಉಮರ್(ರ) ಹಜ್ಜ್ ಅಥವಾ ಉಮ್ರಾದ ಬಳಿಕ ದಾಡಿಯನ್ನು ಮುಷ್ಟಿಯಲ್ಲಿ ಹಿಡಿದು ಮಿಕ್ಕಿದ್ದನ್ನು ಕತ್ತರಿಸುತ್ತಿದ್ದರೆಂದು ಬುಖಾರಿಯಲ್ಲಿದೆ, ಹನಫಿಗಳ ಒಂದು ಮುಷ್ಟಿಯ ಅಳತೆಗೆ ಅದೇ ಆಧಾರ. ಶಾಫಿಈ ವಿದ್ವಾಂಸರಲ್ಲಿ ಬೋಳಿಸುವುದು ಹರಾಮೋ ಮಕ್ರೂಹೋ ಎಂಬುದರಲ್ಲೇ ಭಿನ್ನಾಭಿಪ್ರಾಯವಿದೆ. ಹುಡುಗರ ಫೇಡಿನ ಬಗ್ಗೆಯೂ ಚರ್ಚೆಯಿದೆ: ತಲೆಯ ಒಂದು ಭಾಗ ಬೋಳಿಸಿ ಇನ್ನೊಂದು ಭಾಗ ಬಿಡುವ 'ಕಝಅ್' ಅನ್ನು ತಡೆಯಲಾಗಿದೆ, ಮಷಿನಿನಿಂದ ಹಂತ ಹಂತವಾಗಿ ಇಳಿಸುವುದು ಅದರೊಳಗೆ ಬರುತ್ತದೆಯೇ? ಬರುತ್ತದೆ ಎನ್ನುವವರೂ ಇದ್ದಾರೆ, ಬೋಳಿಸಿದರೆ ಮಾತ್ರ ಎನ್ನುವವರೂ ಇದ್ದಾರೆ. ಈ ತೀರ್ಪು ನನ್ನಂಥವನ ಕೆಲಸವಲ್ಲ.

ನನಗೆ ಕಾಡಿದ್ದು ಬೇರೆ. ಒಪ್ಪಗೊಳಿಸು ಎಂದು ಒಬ್ಬರು ಇನ್ನೊಬ್ಬರಿಗೆ ಹೇಳುವುದರಲ್ಲಿ ಎರಡು ಬಗೆಗಳಿವೆ. ಆ ಕೈಸನ್ನೆಯಲ್ಲಿ ಅಳತೆಯಿರಲಿಲ್ಲ. ಹೋದವನು ತನಗೆ ತಿಳಿದಂತೆ ಸರಿಮಾಡಿಕೊಂಡು ಬಂದ, ಅವನ ಜಾಗ ಅವನಿಗಾಗಿ ಕಾದಿತ್ತು. ಇನ್ನೊಂದು ಬಗೆಯ ಮಾತು ಅಳತೆಪಟ್ಟಿ ಹಿಡಿದೇ ಬರುತ್ತದೆ.

ಅಳತೆಪಟ್ಟಿಯ ಕಥೆಗೆ ನಮ್ಮ ನಾಡಿಗೂ ನಂಟಿದೆ. ಟಿಪ್ಪು ಮಡಿದ ಮೇಲೆ ಅವನ ಮಕ್ಕಳನ್ನು ಇಂಗ್ಲಿಷರು ವೆಲ್ಲೂರು ಕೋಟೆಯಲ್ಲಿಟ್ಟರು. 1805ರ ಕೊನೆಗೆ ಮದರಾಸು ಸೇನೆಯ ದಂಡನಾಯಕ ಸರ್ ಜಾನ್ ಕ್ರಾಡಕ್ ಕಾಲದಲ್ಲಿ ಸಿಪಾಯಿಗಳಿಗೆ ಹೊಸ ನಿಯಮ ಬಂತು: ಹಣೆಯ ಮೇಲೆ ಜಾತಿಯ ಗುರುತು ಕೂಡದು, ಕಿವಿಗೆ ಒಂಟಿ ಕೂಡದು, ಗಲ್ಲ ಬೋಳಿಸಿರಬೇಕು, ಮೀಸೆಯ ಪ್ರಮಾಣ ಮತ್ತು ಆಕಾರ ಎಲ್ಲರಿಗೂ ಒಂದೇ ಮಾದರಿಯಲ್ಲಿರಬೇಕು. ಜತೆಗೆ ಚರ್ಮದ ಅಲಂಕಾರವಿದ್ದ ಹೊಸ ರುಮಾಲು. ಹಿಂದೂ ಮುಸ್ಲಿಮರಿಬ್ಬರನ್ನೂ ಒಂದೇ ಏಟಿಗೆ ಕೆರಳಿಸುವ ಇಂಥ ಆದೇಶವನ್ನು ಬೇಕೆಂದೇ ಬರೆದರೂ ಇಷ್ಟು ಚೆನ್ನಾಗಿ ಬರೆಯಲಾಗುತ್ತಿರಲಿಲ್ಲ. 1806ರ ಜುಲೈ 10ರ ನಸುಕಿನಲ್ಲಿ ಸಿಪಾಯಿಗಳು ದಂಗೆಯೆದ್ದರು. ನೂರಕ್ಕೂ ಹೆಚ್ಚು ಐರೋಪ್ಯ ಸೈನಿಕರೂ ಅದಕ್ಕಿಂತ ಹಲವು ಪಟ್ಟು ಸಿಪಾಯಿಗಳೂ ಸತ್ತರು. ಕ್ರಾಡಕ್ ಮತ್ತು ಗವರ್ನರ್ ಬೆಂಟಿಂಕ್ ಇಬ್ಬರನ್ನೂ ಕಂಪೆನಿ ಹಿಂದಕ್ಕೆ ಕರೆಸಿಕೊಂಡಿತು.

ದಂಗೆಗೆ ದಾಡಿಯೊಂದೇ ಕಾರಣವಲ್ಲ ಎಂಬುದು ಎಲ್ಲರಿಗೂ ತಿಳಿದದ್ದು. ಆದರೆ ಅಳತೆಯ ಆದೇಶ ಸ್ವತಂತ್ರ ಭಾರತದಲ್ಲೂ ನಿಂತಿಲ್ಲ. ಮಧ್ಯಪ್ರದೇಶದ ಶಾಲೆಯೊಂದರ ಮುಸ್ಲಿಮ್ ವಿದ್ಯಾರ್ಥಿ ದಾಡಿ ಬಿಡುವ ಹಕ್ಕು ಕೇಳಿ ಸುಪ್ರೀಂ ಕೋರ್ಟಿಗೆ ಹೋದಾಗ 2009ರ ಮಾರ್ಚಿನಲ್ಲಿ ಅವನ ಅರ್ಜಿ ವಜಾ ಆಯಿತು. ದೇಶದ ತಾಲಿಬಾನೀಕರಣಕ್ಕೆ ಅವಕಾಶವಿಲ್ಲವೆಂಬ ಅರ್ಥದ ಮಾತನ್ನು ನ್ಯಾಯಮೂರ್ತಿ ಮಾರ್ಕಂಡೇಯ ಕಾಟ್ಜು ಆಡಿದರು. ಜುಲೈನಲ್ಲಿ ಆ ಮಾತಿಗಾಗಿ ವಿಷಾದಿಸಿ ಆದೇಶವನ್ನು ಹಿಂದಕ್ಕೆ ಪಡೆದದ್ದೂ ಅವರೇ, ಅಂಥ ದೊಡ್ಡತನ ಎಲ್ಲರಿಗೂ ಬರುವುದಿಲ್ಲ. 2016ರ ಡಿಸೆಂಬರ್ 15ರಂದು ವಾಯುಪಡೆಯ ಸಿಬ್ಬಂದಿಯೊಬ್ಬರ ಪ್ರಕರಣದಲ್ಲಿ ಅದೇ ನ್ಯಾಯಾಲಯ, ಪಡೆಯ ಶಿಸ್ತು ಮತ್ತು ಏಕರೂಪತೆಗಾಗಿ ದಾಡಿಯನ್ನು ನಿರ್ಬಂಧಿಸಬಹುದು ಎಂದಿತು. ಕೂದಲು ಕತ್ತರಿಸುವುದನ್ನೇ ಧರ್ಮ ನಿಷೇಧಿಸಿದ್ದವರಿಗೆ ಮಾತ್ರ ಅಲ್ಲಿ ವಿನಾಯಿತಿ. 2024ರ ನವೆಂಬರಿನಲ್ಲಿ ನಮ್ಮದೇ ಹಾಸನ ಜಿಲ್ಲೆಯ ಹೊಳೆನರಸೀಪುರದ ಸರ್ಕಾರಿ ನರ್ಸಿಂಗ್ ಕಾಲೇಜಿನಲ್ಲಿ ಓದುತ್ತಿದ್ದ ಕಾಶ್ಮೀರಿ ಹುಡುಗರಿಗೆ ದಾಡಿ ಬೋಳಿಸಿ, ಇಲ್ಲವೇ ಒಂದು ನಂಬರಿಗೆ ಇಳಿಸಿ ಎಂದು ಹೇಳಲಾಗಿದೆಯೆಂದು ಅವರ ವಿದ್ಯಾರ್ಥಿ ಸಂಘ ಮುಖ್ಯಮಂತ್ರಿಗೆ ದೂರು ಬರೆಯಿತು. ಆಮೇಲೆ ಅದು ಮಾತುಕತೆಯಲ್ಲಿ ಬಗೆಹರಿಯಿತು.

ಒಂದು ನಂಬರ್! ಪತ್ರಿಕೆಯಲ್ಲಿ ಅದನ್ನು ಓದಿದಾಗ ನನಗೆ ಸಿಟ್ಟು ಬರಬೇಕಿತ್ತು. ಬಂದದ್ದು ನಾಚಿಕೆ. ನನ್ನ ಮಗನಿಗೆ ಆ ರಾತ್ರಿ ಬೆಂಚಿನಿಂದ ನಾನು ಕೂಗಿ ಹೇಳಿದ್ದೂ ಅದೇ ನಂಬರನ್ನು.

ಎಲ್ಲ ಅಳತೆಯೂ ಅನ್ಯಾಯವೆಂದು ನಾನು ಹೇಳುತ್ತಿಲ್ಲ. ಆಸ್ಪತ್ರೆಯಲ್ಲಿ ಸೋಂಕು ತಡೆಯುವ ಬಿಗಿ ಮುಖಗವುಸು ದಟ್ಟ ದಾಡಿಯ ಮೇಲೆ ಸರಿಯಾಗಿ ಕೂರುವುದಿಲ್ಲ, ಸಂದಿಯಲ್ಲಿ ಗಾಳಿ ನುಗ್ಗುತ್ತದೆ. ಕೋವಿಡ್ ಕಾಲದಲ್ಲಿ ದಾಡಿಯ ವೈದ್ಯರು ಎಷ್ಟೋ ಮಂದಿ ತಾವಾಗಿಯೇ ತೆಗೆದರು. ಅಲ್ಲಿ ಕಾರಣವನ್ನು ಎದುರಿಗೆ ಕುಳಿತು ವಿವರಿಸಬಹುದು, ಕೇಳಿದವನು ಬೇರೆ ದಾರಿ ಸೂಚಿಸಬಹುದು. ಆದರೆ 'ನೋಡುವವರಿಗೆ ಹೇಗೋ ಅನ್ನಿಸುತ್ತದೆ' ಎಂಬ ಕಾರಣವನ್ನು ಎದುರಿಗೆ ಕುಳಿತು ಯಾರೂ ಹೇಳುವುದಿಲ್ಲ. ಅದನ್ನು ಹೇಳುವ ಕೆಲಸವನ್ನು ಮನೆಯ ಹಿರಿಯರಿಗೆ ಬಿಟ್ಟಿರುತ್ತಾರೆ, ನಾವು ಅದನ್ನು ಪ್ರೀತಿಯ ಧ್ವನಿಯಲ್ಲಿ ಹೇಳುತ್ತೇವೆ. ಮಸೀದಿಯ ಮೆಟ್ಟಿಲ ಮೇಲೆ ಹುಡುಗನ ಗಲ್ಲ ಹಿಡಿದು 'ಇದೆಂಥ ದಾಡಿ' ಎಂದು ಹತ್ತು ಜನರ ಮುಂದೆ ಹಂಗಿಸುವ ಹಿರಿಯರದ್ದೂ ಇದೇ ಕೆಲಸ. ಒಬ್ಬರಿಗೆ ಹೆಚ್ಚಾಯಿತು, ಇನ್ನೊಬ್ಬರಿಗೆ ಕಡಿಮೆಯಾಯಿತು. ಪಟ್ಟಿ ಮಾತ್ರ ಇಬ್ಬರ ಕೈಯಲ್ಲೂ ಇದೆ.

ನನ್ನ ದಾಡಿಯ ಮಾತನ್ನೂ ಹೇಳಬೇಕು, ಇಲ್ಲವಾದರೆ ಇದೆಲ್ಲ ಬೇರೆಯವರ ಮೇಲಿನ ದೂರಾಗುತ್ತದೆ. ದೂರದರ್ಶನದ ಉರ್ದು ವಾರ್ತೆಯ ವಿಷಯದಲ್ಲಿ 1994ರ ಅಕ್ಟೋಬರಿನಲ್ಲಿ ಬೆಂಗಳೂರಿನಲ್ಲಿ ಗಲಭೆಯಾದಾಗ ನನಗೆ ಇಪ್ಪತ್ತಾರು ವರ್ಷ. ಜೆ.ಸಿ. ರಸ್ತೆಯ ಮೋಟಾರು ಬಿಡಿಭಾಗಗಳ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುತ್ತಿದ್ದೆ. ಮನೆಯಿಂದ ಅಂಗಡಿಗೆ ಹತ್ತು ನಿಮಿಷದ ನಡಿಗೆ. ಊರಿನಲ್ಲಿ ಜನ ಸತ್ತಿದ್ದರು, ಕರ್ಫ್ಯೂ ಇತ್ತು. ಅದು ಸಡಿಲವಾದ ಬೆಳಿಗ್ಗೆ, ಕ್ಷೌರದಂಗಡಿಗಳು ಇನ್ನೂ ಬಾಗಿಲು ತೆರೆದಿರಲಿಲ್ಲ, ಅಬ್ಬಾ ಖತ್ ತಿದ್ದಿಕೊಳ್ಳಲು ಇಟ್ಟುಕೊಂಡಿದ್ದ ರೇಜರು ತೆಗೆದುಕೊಂಡು ಬಚ್ಚಲಿಗೆ ಹೋಗಿ ನನ್ನ ದಾಡಿಯನ್ನು ಪೂರ್ತಿ ತೆಗೆದೆ. ಕೈ ನಡುಗಿ ಎರಡು ಕಡೆ ಗಾಯವಾಯಿತು. ಹೊರಗೆ ಬಂದಾಗ ಅಬ್ಬಾ ಅಂಗಳದಲ್ಲೇ ಕುಳಿತಿದ್ದರು. ಮುಷ್ಟಿ ತುಂಬ ಬಿಳಿ ದಾಡಿಯ ಮನುಷ್ಯ. ನನ್ನನ್ನು ನೋಡಿದರು. ಬೈಯುತ್ತಾರೆಂದು ಕಾದೆ. "ಬ್ಲೇಡ್ ಧೋಕೋ ರಖೋ ಬೇಟಾ" ಎಂದರು, ಬ್ಲೇಡು ತೊಳೆದಿಡು ಎಂದಷ್ಟೇ.

ಮತ್ತೆ ಬಿಟ್ಟೆ. ಆದರೆ ಬಿಟ್ಟಿದ್ದು ಎರಡು ನಂಬರ್ ಮಾತ್ರ. ಶುಕ್ರವಾರ ಮಸೀದಿಯಲ್ಲಿ ಇದೆ ಎನ್ನಬಹುದಾದಷ್ಟು, ಸೋಮವಾರ ಅಂಗಡಿಯಲ್ಲಿ ಇಲ್ಲ ಎನ್ನಬಹುದಾದಷ್ಟು. ಇದನ್ನು ನಾನು ಇಷ್ಟು ವರ್ಷ ಮಿತವೆಂದು ತಿಳಿದಿದ್ದೆ. ಸರಳತೆ ಎಂದು ಒಂದೆರಡು ಕಡೆ ಹೇಳಿಕೊಂಡದ್ದೂ ಉಂಟು. ಮಗನ ಮಿಂಚುವ ದಾಡಿಯನ್ನು ಕಂಡು ಆಡಂಬರ ಎಂದು ಮನಸ್ಸಿನಲ್ಲೇ ತೂಗಿದಾಗ ನನ್ನ ತಕ್ಕಡಿಯ ಇನ್ನೊಂದು ತಟ್ಟೆಯಲ್ಲಿ ಇದ್ದದ್ದು ಈ ಸರಳತೆ. ಅದು ಹುಟ್ಟಿದ್ದು ಬಚ್ಚಲಿನಲ್ಲಿ, ಹೆದರಿಕೆಯಲ್ಲಿ. ಹೆದರಿಕೆಯಿಂದ ಸಣ್ಣಗಾದ ದಾಡಿಯೂ ವಿನಯದಿಂದ ಸಣ್ಣಗಾದ ದಾಡಿಯೂ ಕನ್ನಡಿಯಲ್ಲಿ ಒಂದೇ ಥರ ಕಾಣುತ್ತವೆ. ನೀತಿಯ ಪ್ರಶ್ನೆ ಇರುವುದು ಉದ್ದದಲ್ಲಲ್ಲ, ಆ ಉದ್ದ ಎಲ್ಲಿಂದ ಬಂತು ಎಂಬಲ್ಲಿ ಎಂದು ನನಗೀಗ ಅನ್ನಿಸುತ್ತದೆ. ಸರಿಯಾದ ಉತ್ತರ ಪ್ರತಿಯೊಬ್ಬನಿಗೂ ತನ್ನದು ಮಾತ್ರ ಗೊತ್ತಿರುತ್ತದೆ, ಅದೂ ಯಾವಾಗಲೂ ಅಲ್ಲ.

ಹಬ್ಬದ ಮರುವಾರ ಒಬ್ಬನೇ ಹೋದಾಗ ಕ್ಷೌರಿಕರನ್ನು ಕೇಳಿದೆ, ಆ ದಿನ ಯಾಕೆ ಹಾಗಂದಿರಿ ಎಂದು. ಅವರಿಗೆ ಅಷ್ಟಾಗಿ ನೆನಪಿರಲಿಲ್ಲ. ಅಂಗಡಿ ಖಾಲಿಯಿತ್ತು, ಕತ್ತರಿಗೆ ಎಣ್ಣೆ ಬಿಡುತ್ತ ತಮ್ಮ ಊರಿನ ಕಡೆಯ ಮಾತು ತೆಗೆದರು. ಮೈಸೂರು ಜಿಲ್ಲೆಯವರು, ತಂದೆಯ ಕಾಲಕ್ಕೆ ಇಲ್ಲಿಗೆ ಬಂದವರು. "ಊರಲ್ಲಿ ನಾವು ಯಾರನ್ನೂ ಎಷ್ಟು ಇಡಲಿ ಅಂತ ಕೇಳ್ತಿರಲಿಲ್ಲ ಸಾರ್. ಯಾರ ತಲೆ ಮುಟ್ಟಬೇಕು, ಯಾರದ್ದು ಮುಟ್ಟಬಾರದು ಅಂತ ಊರೇ ಹೇಳ್ತಿತ್ತು. ಇಲ್ಲಿಗೆ ಬಂದ್ಮೇಲೆ ಯಾರು ಬಂದು ಕೂತ್ರೂ ಕೇಳೋದು ಕಲಿತಿದ್ದು." ಅವರು ಹಳೆಯ ಕಾಲದ ಮಾತು ಹೇಳುತ್ತಿದ್ದಾರೆಂದು ನಾವು ಸಮಾಧಾನಪಡಬೇಕಿಲ್ಲ. 2020ರ ನವೆಂಬರಿನಲ್ಲಿ ಅದೇ ಜಿಲ್ಲೆಯ ನಂಜನಗೂಡು ತಾಲ್ಲೂಕಿನ ಹಲ್ಲರೆ ಗ್ರಾಮದಲ್ಲಿ ದಲಿತರಿಗೆ ಕ್ಷೌರ ಮಾಡಿದ್ದಕ್ಕೆ ತನಗೆ ದಂಡ ಹಾಕಿ ಬಹಿಷ್ಕರಿಸಿದ್ದಾರೆಂದು ಕ್ಷೌರಿಕರೊಬ್ಬರು ದೂರಿದ್ದು ಸುದ್ದಿಯಾಗಿತ್ತು. ದಂಡದ ಮೊತ್ತ 50,000 ರೂಪಾಯಿ. 2024ರ ಆಗಸ್ಟಿನಲ್ಲಿ ಕೊಪ್ಪಳ ಜಿಲ್ಲೆಯ ಯಲಬುರ್ಗಾ ತಾಲ್ಲೂಕಿನ ಸಂಗನಾಳದಲ್ಲಿ ಕ್ಷೌರದಂಗಡಿಗೆ ಹೋದ ದಲಿತ ಯುವಕ ಜಗಳದಲ್ಲಿ ಕತ್ತರಿಯ ಇರಿತಕ್ಕೆ ಸತ್ತ. ನಮ್ಮ ದಾಡಿಯನ್ನು ಜನ ತಪ್ಪಾಗಿ ಓದುತ್ತಾರೆಂದು ದುಃಖಿಸುವ ನಾವು, ಕುರ್ಚಿಯೇ ಸಿಗದವರ ಬಗ್ಗೆ ಎಷ್ಟು ಬರೆದಿದ್ದೇವೆ? ನಮ್ಮೊಳಗೇ ನೋಡಿದರೂ, ಗಲ್ಲಕ್ಕೆ ಬ್ಲೇಡು ಹಿಡಿದವನ ಕೈಯನ್ನು ಕಣ್ಣು ಮುಚ್ಚಿ ನಂಬುವ ಮನೆಗಳು ಹಜಾಮರ ಮನೆಗೆ ಹೆಣ್ಣು ಕೊಡುವ ಮಾತು ಬಂದಾಗ ಕಣ್ಣು ತೆರೆಯುತ್ತವೆ. ಕರಾವಳಿಯಲ್ಲೂ ಇದೇ ಕಥೆ. ಸಮಾನತೆಯ ಭಾಷಣಕ್ಕೆ ಮೊದಲು ಇದನ್ನೂ ಲೆಕ್ಕ ಹಾಕಬೇಕು.

ಚಾಂದ್ ರಾತಿನ ಮಾತು ಅರ್ಧಕ್ಕೆ ನಿಂತಿದೆ. ಮಗ ತನಗೆ ಬೇಕಾದ್ದನ್ನೇ ಹೇಳಿ ಮಾಡಿಸಿಕೊಂಡ. ತಲೆಯ ಬದಿ ಸೊನ್ನೆಗೆ ಇಳಿದು, ಕಲಮ್ ಹೊಗೆಯ ಹಾಗೆ ತೆಳುವಾಗಿ, ಗಲ್ಲದಲ್ಲಿ ದಾಡಿ ದಟ್ಟವಾಗಿ ನಿಂತಿತು. ಮೇಲೆ ಪಟಿಕ ಉಜ್ಜಿದರು. ಮನೆಗೆ ಬರುವಾಗ ನಾನು ಮೆಲ್ಲಗೆ ಹೇಳಿದೆ, ಒಳ್ಳೆಯದೇ ಆಯಿತು, ಈ ಕಟಿಂಗ್ ಇದ್ದರೆ ಸಂದರ್ಶನದಲ್ಲಿ ಸ್ಟೈಲಿಗೆ ಬಿಟ್ಟಿದ್ದಾನೆ ಅಂದುಕೊಳ್ಳುತ್ತಾರೆ ಬಿಡು ಎಂದು. ಅವನು ನಿಂತೇಬಿಟ್ಟ.

"ಅಬ್ಬಾ, ನಾನು ಅವರಿಗೋಸ್ಕರ ಮಾಡಿಸಿದ್ದಲ್ಲ."

"ಮತ್ತೆ?"

"ನಾಳೆ ಈದ್. ನನಗೆ ಚೆನ್ನಾಗಿ ಕಾಣಬೇಕಿತ್ತು."

ಆ ಕೆಲಸ ಸಿಗಲಿಲ್ಲ. ಕಾರಣ ಅವರು ಹೇಳಲಿಲ್ಲ, ದಾಡಿಯೇ ಎಂದು ಹೇಳಲು ನನ್ನ ಬಳಿ ಆಧಾರವಿಲ್ಲ. ಎರಡು ತಿಂಗಳ ಬಳಿಕ ಬೇರೆಡೆ ಸಿಕ್ಕಿತು, ಅದೇ ದಾಡಿಯಲ್ಲಿ ಹೋಗಿ ಬರುತ್ತಿದ್ದಾನೆ. ತಿಂಗಳಿಗೆ ಎರಡು ಸಲ ಆ ಕುರ್ಚಿಯಲ್ಲಿ ಕೂರುತ್ತಾನೆ. ನಾನು ಒಂದು ಸಲ ಕೂರುತ್ತೇನೆ. ಕಳೆದ ಸಲವೂ ಅವರು ಬಟ್ಟೆ ಹೊದಿಸಿ, ಕನ್ನಡಿ ನೋಡುತ್ತ, ಎಷ್ಟು ಇಡಲಿ ಸಾರ್ ಎಂದು ಕೇಳಿದರು. ಬೇರೆ ಏನಾದರೂ ಹೇಳಬೇಕೆಂದು ಮನೆಯಿಂದ ಅಂದುಕೊಂಡೇ ಹೋಗಿದ್ದೆ. ಸ್ವಲ್ಪ ಹೊತ್ತು ಕನ್ನಡಿ ನೋಡಿದೆ. ಯಾವಾಗಿನ ಹಾಗೇ ಮಾಡಿ ಅಣ್ಣ, ಎರಡು ನಂಬರ್ ಎಂದೆ. ಅವರು ಮಷಿನು ಹಚ್ಚಿದರು.